ಎಫೆಸಸ್ಸಿನ ಅವಶೇಷಗಳು ಮತ್ತು ಮಾರ್ಗದರ್ಶಿಯ ಧರ್ಮ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ ಕಾರ್ಯಗಳಂತೆ ತೋರುತ್ತವೆ. ಆದರೆ ಪುರಾತನ ನಗರವೊಂದರ ಅವಶೇಷಗಳ ಮುಂದೆ ನಿಂತಾಗ ಇವೆರಡೂ ಒಂದೇ ಆಗಿಬಿಡುತ್ತವೆ. ಅಲ್ಲಿ ಸುತ್ತುವುದೆಂದರೆ ಓದುವುದೇ ಸರಿ. ಆ ಓದಿಗೆ ಒದಗಿದ ಗ್ರಂಥವಾದರೋ ಗರಿಗಳು ಚೆದರಿ, ಅಕ್ಷರಗಳು ಮಾಸಿ, ಮೊದಲೂ ಕೊನೆಯೂ ಕಳೆದುಹೋದ ಓಲೆಯ ಪ್ರತಿಯಂತಿರುತ್ತದೆ. ಟೀಕೆಯ ನೆರವಿಲ್ಲದೆ ಅದು ತಿಳಿಯದು. ಆ ಟೀಕೆಯನ್ನು ಬಾಯಿಮಾತಿನಲ್ಲಿ ಹೇಳುವವನೇ ಮಾರ್ಗದರ್ಶಿ. ಅವನ ಕರ್ತವ್ಯವೇನು, ಅವನ ಮಾತನ್ನು ನಾವು ಹೇಗೆ ಕೇಳಬೇಕು ಎಂಬುದನ್ನು ಪ್ರಸಿದ್ಧವಾದ ಒಂದು ಸ್ಥಳವನ್ನು ಆಧರಿಸಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಮಾರ್ಗದರ್ಶಿಯ ವೃತ್ತಿ ಇಂದು ನಿನ್ನೆಯದಲ್ಲ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ರೀಸ್ ದೇಶವನ್ನು ಸಂಚರಿಸಿ ತನ್ನ ಪ್ರವಾಸಗ್ರಂಥವನ್ನು ರಚಿಸಿದ ಪೌಸೇನಿಯಸ್ ಎಂಬವನು ಊರೂರಿನ ಮಾರ್ಗದರ್ಶಿಗಳನ್ನು ಸ್ಮರಿಸಿದ್ದಾನೆ. ಗ್ರೀಕರು ಅವರನ್ನು ಕರೆಯುತ್ತಿದ್ದ ‘ಎಕ್ಸೆಗೆಟಿಸ್’ ಎಂಬ ಪದಕ್ಕೆ ವ್ಯಾಖ್ಯಾನಕಾರನೆಂದೇ ಅರ್ಥ. ಆರ್ಗೋಸ್ ನಗರದ ಮಾರ್ಗದರ್ಶಿಗಳಿಗೆ ತಾವು ಹೇಳುವುದೆಲ್ಲ ನಿಜವಲ್ಲವೆಂದು ಗೊತ್ತಿದ್ದರೂ ಅದನ್ನೇ ಹೇಳುತ್ತಾರೆ, ಏಕೆಂದರೆ ಜನರು ನಂಬಿದುದನ್ನು ಬದಲಿಸುವುದು ಸುಲಭವಲ್ಲ ಎಂದು ಅವನು ಬರೆದಿದ್ದಾನೆ. ಹದಿನೆಂಟು ಶತಮಾನಗಳ ಹಿಂದಿನ ಈ ಮಾತಿನಲ್ಲಿ ನಮ್ಮ ವಿಷಯದ ತಿರುಳೇ ಅಡಗಿದೆ.

ವಿವೇಚನೆಗೆ ನಾವು ಆರಿಸಿಕೊಂಡ ಸ್ಥಳ ತುರ್ಕಿ ದೇಶದ ಪಶ್ಚಿಮ ಭಾಗದಲ್ಲಿ, ಸೆಲ್ಚುಕ್ ಪಟ್ಟಣದ ಸಮೀಪದಲ್ಲಿರುವ ಎಫೆಸಸ್. ಕನ್ನಡ ಬೈಬಲ್ಲಿನಲ್ಲಿ ಎಫೆಸವೆಂದು ಹೆಸರಿಸಲ್ಪಟ್ಟಿರುವ ನಗರ ಇದೇ. ರೋಮನ್ ಸಾಮ್ರಾಜ್ಯದ ಏಷ್ಯಾ ಪ್ರಾಂತಕ್ಕೆ ಮುಖ್ಯ ಪಟ್ಟಣವೂ ದೊಡ್ಡ ಬಂದರೂ ಆಗಿದ್ದ ಇದು, ನದಿಯು ಹೊತ್ತುತಂದ ಹೂಳಿನಿಂದ ಬಂದರು ಮುಚ್ಚುತ್ತ ಬಂದುದರಿಂದ ಕ್ರಮೇಣ ಕ್ಷೀಣಿಸಿ ಪಾಳಾಯಿತು. ಇಂದು ಸಮುದ್ರವು ಅವಶೇಷಗಳಿಂದ ಕೆಲವು ಕಿಲೋಮೀಟರುಗಳಷ್ಟು ದೂರ ಸರಿದಿದೆ. ಆಸ್ಟ್ರಿಯಾ ದೇಶದ ವಿದ್ವಾಂಸರು 1895ರಲ್ಲಿ ಇಲ್ಲಿ ಉತ್ಖನನವನ್ನು ಆರಂಭಿಸಿದರು. 2015ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಸುಮಾರು 20 ಕಿ.ಮೀ. ದೂರದ ಕುಶಾದಾಸಿ ಬಂದರಿನಲ್ಲಿ ಹಡಗಿನಿಂದ ಇಳಿಯುವ ಪ್ರವಾಸಿಗಳು ಬಸ್ಸುಗಳಲ್ಲಿ ಇಲ್ಲಿಗೆ ಬರುತ್ತಾರೆ. ನಗರವು ಎರಡು ಗುಡ್ಡಗಳ ನಡುವಣ ಇಳಿಜಾರಿನಲ್ಲಿರುವುದರಿಂದ ಮಾರ್ಗದರ್ಶಿಗಳು ಸಾಮಾನ್ಯವಾಗಿ ಮೇಲಿನ ದ್ವಾರದಲ್ಲಿ ಪ್ರವೇಶಿಸಿ, ಕ್ಯೂರೆಟಿಸ್ ಬೀದಿಯಲ್ಲಿ ಕೆಳಗಿಳಿದು, ಸೆಲ್ಸಸ್ಸನ ಗ್ರಂಥಾಲಯವನ್ನು ತೋರಿಸಿ, ಅಮೃತಶಿಲೆಯ ಬೀದಿಯ ಮೂಲಕ ಮಹಾರಂಗಮಂದಿರವನ್ನು ತಲುಪಿ, ಕೆಳಗಿನ ದ್ವಾರದಿಂದ ಹೊರಬರುತ್ತಾರೆ. ಬಳಿಕ ಸಂತ ಯೋಹಾನನ ಇಗರ್ಜಿ, ಮರಿಯಳ ಮನೆ ಮುಂತಾದ ಕ್ರೈಸ್ತ ಪುಣ್ಯಸ್ಥಳಗಳ ದರ್ಶನ. ಎಲ್ಲವೂ ಅರ್ಧ ದಿನದಲ್ಲಿ ಮುಗಿಯಬೇಕು. ಈ ಅರ್ಧ ದಿನದಲ್ಲಿ ಸಹಸ್ರ ವರ್ಷಗಳ ಕಥೆಯನ್ನು ಹೇಳಬೇಕಾದವನ ಹೊಣೆ ಸಾಮಾನ್ಯವಾದುದಲ್ಲ. ಆದುದರಿಂದಲೇ ತುರ್ಕಿಯಲ್ಲಿ ಪರವಾನಗಿ ಇಲ್ಲದವರು ಈ ವೃತ್ತಿಯನ್ನು ಮಾಡಕೂಡದೆಂಬ ನಿಯಮವಿದೆ. 2012ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕಾನೂನೊಂದು ಬಂದಿತು.

ಜ್ಞಾನವು ಯಾವ ಬಗೆಯಿಂದ ಲಭಿಸಿತೆಂಬುದನ್ನು ವಿಚಾರಿಸಿದ ಹೊರತು ಅದನ್ನು ಒಪ್ಪಲಾಗದೆಂದು ನಮ್ಮ ಶಾಸ್ತ್ರಕಾರರು ಹೇಳಿದರು. ಅವರು ಎಣಿಸಿದ ಪ್ರಮಾಣಗಳಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಇಲ್ಲಿ ನಮಗೆ ಸಾಕು. ಕಣ್ಣಿಗೆ ಕಂಡದ್ದು ಮೊದಲನೆಯದು. ಕಂಡ ಗುರುತಿನಿಂದ ಕಾಣದುದನ್ನು ಊಹಿಸಿ ತಿಳಿದದ್ದು ಎರಡನೆಯದು. ಗ್ರಂಥದಿಂದ ಅಥವಾ ಹಿರಿಯರ ಮಾತಿನಿಂದ ತಿಳಿದದ್ದು ಮೂರನೆಯದು. ಎಫೆಸಸ್ಸಿನ ವೈಶಿಷ್ಟ್ಯವೆಂದರೆ ಈ ಮೂರೂ ಅಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ದೊರೆಯುತ್ತವೆ.

ಪ್ರತ್ಯಕ್ಷಕ್ಕೆ ಉದಾಹರಣೆ ಸೆಲ್ಸಸ್ಸನ ಗ್ರಂಥಾಲಯ. ರೋಮನ್ ಅಧಿಕಾರಿಯಾಗಿದ್ದ ಸೆಲ್ಸಸ್ ಎಂಬವನ ಸ್ಮರಣಾರ್ಥವಾಗಿ ಅವನ ಮಗ ಅಕ್ವಿಲನು ಎರಡನೆಯ ಶತಮಾನದ ಆದಿಭಾಗದಲ್ಲಿ ಇದನ್ನು ಕಟ್ಟಿಸಿದನೆಂಬುದಕ್ಕೆ ಶಾಸನವೇ ಸಾಕ್ಷಿ. ತಂದೆಯ ಶಿಲಾಸಮಾಧಿಯು ಗ್ರಂಥಾಲಯದ ಕೆಳಗೇ ಇದೆ. ಆದರೆ ಪ್ರತ್ಯಕ್ಷದಲ್ಲಿಯೂ ಎಚ್ಚರ ಬೇಕು. ಎರಡು ಅಂತಸ್ತುಗಳ ಆ ಭವ್ಯ ಮುಂಭಾಗವು ಭೂಕಂಪಕ್ಕೆ ಉರುಳಿದ್ದು, ಬಿದ್ದ ತುಂಡುಗಳನ್ನು ಹುಡುಕಿ ಜೋಡಿಸಿ 1970ರಿಂದ 1978ರವರೆಗೆ ಮತ್ತೆ ನಿಲ್ಲಿಸಲ್ಪಟ್ಟಿತು. ಗೂಡುಗಳಲ್ಲಿರುವ ನಾಲ್ಕು ಸ್ತ್ರೀಪ್ರತಿಮೆಗಳು ಮೂಲಪ್ರತಿಮೆಗಳ ಪ್ರತಿರೂಪಗಳು. ಮೂಲಗಳು ವಿಯೆನ್ನಾ ನಗರದಲ್ಲಿವೆ. ಹಾಗೆಂದು ಅದರ ಬೆಲೆ ತಗ್ಗುವುದಿಲ್ಲ. ಚೆನ್ನಾಗಿ ಪರಿಷ್ಕೃತವಾದ ಗ್ರಂಥದಂತೆ ಅದು ಆದರಣೀಯವೇ. ಆದರೆ ಯಾವುದು ಮೂಲ, ಯಾವುದು ಪರಿಷ್ಕರಣ ಎಂಬುದನ್ನು ಸಂಪಾದಕನು ಸೂಚಿಸುವಂತೆ ಮಾರ್ಗದರ್ಶಿಯೂ ಸೂಚಿಸಬೇಕು.

ಅನುಮಾನಕ್ಕೆ ಉದಾಹರಣೆ ಆರ್ಟೆಮಿಸ್ ದೇವಿಯ ಮಂದಿರ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿದ್ದ ಆ ಮಂದಿರ ಎಲ್ಲಿತ್ತೆಂಬುದೇ ಮರೆತುಹೋಗಿತ್ತು. ಜಾನ್ ಟರ್ಟಲ್ ವುಡ್ ಎಂಬ ಆಂಗ್ಲನು 1863ರಿಂದ ಅದಕ್ಕಾಗಿ ಹುಡುಕಾಡಿದನು. ಕೊನೆಗೆ ರಂಗಮಂದಿರದಲ್ಲಿ ಕ್ರಿ.ಶ. 104ರ ಶಾಸನವೊಂದು ದೊರಕಿತು. ದೇವಿಯ ಪ್ರತಿಮೆಗಳ ಉತ್ಸವವು ಮಂದಿರದಿಂದ ಹೊರಟು ಯಾವ ಮಹಾದ್ವಾರದಿಂದ ಊರೊಳಗೆ ಬಂದು, ಯಾವುದರಿಂದ ಹಿಂದಿರುಗಬೇಕೆಂದು ಅದರಲ್ಲಿ ವಿಧಿಸಲಾಗಿತ್ತು. ವುಡ್ಡನು ಆ ದ್ವಾರವನ್ನು ಕಂಡುಹಿಡಿದು, ಅಲ್ಲಿಂದ ಹೊರಟ ಹಾದಿಯನ್ನು ಅಗೆಯುತ್ತ ಸಾಗಿ, 1869ರ ಕೊನೆಯ ದಿನ ಮಂದಿರದ ನೆಲಗಟ್ಟನ್ನು ಮುಟ್ಟಿದನು. ಕಲ್ಲೇ ಮಾರ್ಗದರ್ಶಿಯಾದ ಪ್ರಸಂಗವಿದು. ಇಂದು ಅಲ್ಲಿ ನಿಂತಿರುವುದು ಬಿಡಿ ತುಂಡುಗಳನ್ನು ಪೇರಿಸಿ ನಿಲ್ಲಿಸಿದ ಒಂದೇ ಒಂದು ಕಂಬ. ಪ್ಲಿನಿಯು 127 ಕಂಬಗಳನ್ನು ಹೇಳಿದ್ದಾನೆ. ಉಳಿದುವನ್ನು ಬುದ್ಧಿಯಿಂದಲೇ ಕಾಣಬೇಕು.

ಶಬ್ದಪ್ರಮಾಣಕ್ಕೆ ಮಹಾರಂಗಮಂದಿರವೇ ಸಾಕ್ಷಿ. ಸುಮಾರು 25,000 ಜನ ಕುಳಿತುಕೊಳ್ಳಬಹುದಾಗಿದ್ದ ಆ ಸ್ಥಳದ ಸಂಗತಿಯು ಬೈಬಲ್ಲಿನ ಅಪೊಸ್ತಲರ ಕೃತ್ಯಗಳೆಂಬ ಭಾಗದಲ್ಲಿ ಬರುತ್ತದೆ. ಎರಡು ವರ್ಷಗಳಿಗೂ ಹೆಚ್ಚು ಕಾಲ ಆ ಊರಿನಲ್ಲಿದ್ದ ಪೌಲನ ಉಪದೇಶದಿಂದ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದವರ ವ್ಯಾಪಾರಕ್ಕೆ ಕುಂದು ಬಂದಿತು. ದೇಮೇತ್ರಿಯನೆಂಬ ಅಕ್ಕಸಾಲಿಗನು ಜನರನ್ನು ಕೆರಳಿಸಿದನು. ಗುಂಪು ರಂಗಮಂದಿರಕ್ಕೆ ನುಗ್ಗಿ ಎರಡು ಗಂಟೆಗಳ ಕಾಲ ದೇವಿಗೆ ಜಯಘೋಷ ಮಾಡಿತು. ಪೌಲನು ಈ ರಂಗಮಂದಿರದಲ್ಲಿ ನಿಂತು ಜನರನ್ನು ಎದುರಿಸಿದನೆಂದು ಹಲವರು ಭಾವಿಸುವುದುಂಟು. ಗ್ರಂಥವು ಹೇಳುವುದೇ ಬೇರೆ: ಅವನು ಒಳಹೋಗಬಯಸಿದರೂ ಶಿಷ್ಯರು ಬಿಡಲಿಲ್ಲ, ಗುಂಪನ್ನು ಶಾಂತಗೊಳಿಸಿದವನು ನಗರದ ಲೇಖಕಾಧಿಕಾರಿ. ಶಬ್ದವನ್ನು ಪ್ರಮಾಣವೆಂದು ಹಿಡಿದ ಮೇಲೆ ಶಬ್ದವಿದ್ದಂತೆಯೇ ಹೇಳಬೇಕಷ್ಟೆ.

ಕ್ರೈಸ್ತಧರ್ಮದ ಆರಂಭಕಾಲದ ಇತರ ಕುರುಹುಗಳೂ ಇಲ್ಲಿ ಹೇರಳವಾಗಿವೆ. 431ರಲ್ಲಿ ಕ್ರೈಸ್ತ ಧರ್ಮಗುರುಗಳ ಮಹಾಸಭೆಯು ಮರಿಯಳ ಹೆಸರಿನ ಇಗರ್ಜಿಯಲ್ಲಿ ಕೂಡಿ, ಆಕೆಯನ್ನು ದೇವಮಾತೆಯೆಂದು ಕರೆಯುವುದು ಸಾಧುವೆಂದು ನಿರ್ಣಯಿಸಿತು. ಅಯಾಸುಲುಕ್ ಗುಡ್ಡದ ಮೇಲೆ, ಯೋಹಾನನ ಸಮಾಧಿಯೆಂದು ನಂಬಲಾದ ಸ್ಥಳದಲ್ಲಿ, ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ನನು ಗುಮ್ಮಟಗಳ ದೊಡ್ಡ ಇಗರ್ಜಿಯನ್ನು ಕಟ್ಟಿಸಿದನು. ಇಗರ್ಜಿಯು ಪ್ರತ್ಯಕ್ಷ, ಸಮಾಧಿಯು ಪರಂಪರೆಯ ಮಾತು. ಒಂದೇ ಸ್ಥಳದಲ್ಲಿ ಎರಡು ಪ್ರಮಾಣಗಳು ಹೀಗೆ ಮೇಲೆ ಕೆಳಗೆ ಕೂಡಿಕೊಂಡಿರುತ್ತವೆ.

ಶ್ರದ್ಧೆಗೂ ಪ್ರಮಾಣಕ್ಕೂ ಇರುವ ಸಂಬಂಧವು ಅತ್ಯಂತ ಸೂಕ್ಷ್ಮವಾಗುವುದು ಮರಿಯಳ ಮನೆಯಲ್ಲಿ. ಯೇಸುವು ಶಿಲುಬೆಯ ಮೇಲಿಂದ ತನ್ನ ತಾಯಿಯನ್ನು ಪ್ರಿಯಶಿಷ್ಯನಿಗೆ ಒಪ್ಪಿಸಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಆ ಶಿಷ್ಯನೇ ಯೋಹಾನನೆಂದೂ, ಅವನು ಎಫೆಸಸ್ಸಿಗೆ ಬಂದನೆಂದೂ ಪರಂಪರೆ ಇರುವುದರಿಂದ ತಾಯಿಯೂ ಜೊತೆಗೆ ಬಂದಿರಬೇಕೆಂದು ಕೆಲವರು ತರ್ಕಿಸಿದರು. ಆನ್ ಕ್ಯಾಥರಿನ್ ಎಮರಿಕ್ (1774–1824) ಎಂಬ ಜರ್ಮನ್ ಸನ್ಯಾಸಿನಿಯು ಎಫೆಸಸ್ಸನ್ನು ಎಂದೂ ಕಂಡವಳಲ್ಲ. ಆದರೂ ತನ್ನ ದಿವ್ಯದರ್ಶನಗಳಲ್ಲಿ ಆ ಮನೆಯನ್ನು ವರ್ಣಿಸಿದಳೆಂದು ಕವಿ ಬ್ರೆಂಟಾನೋ ಬರೆದಿಟ್ಟನು. ಆ ವರ್ಣನೆಯನ್ನು ಹಿಡಿದು 1881ರಲ್ಲಿ ಒಬ್ಬ ಫ್ರೆಂಚ್ ಪಾದ್ರಿಯೂ, 1891ರಲ್ಲಿ ಇಜ್ಮಿರಿನ ಪಾದ್ರಿಗಳೂ ಬುಲ್‌ಬುಲ್ ಬೆಟ್ಟದ ಮೇಲೆ ಒಂದು ಪಾಳುಮನೆಯನ್ನು ಗುರುತಿಸಿದರು. 1967, 1979 ಮತ್ತು 2006ರಲ್ಲಿ ಮೂವರು ಪೋಪರು ಅಲ್ಲಿಗೆ ಬಂದರು. ಮುಸಲ್ಮಾನರೂ ಮರಿಯಳನ್ನು ಪೂಜ್ಯಳೆಂದು ಭಾವಿಸಿ ಅಲ್ಲಿಗೆ ಹೋಗುತ್ತಾರೆ. ಹೀಗಿದ್ದರೂ ಇದೇ ಆ ಮನೆಯೆಂದು ಕ್ಯಾಥೋಲಿಕ್ ಧರ್ಮಸಭೆಯು ಅಧಿಕೃತವಾಗಿ ಘೋಷಿಸಿಲ್ಲ. ಮರಿಯಳ ಸಮಾಧಿಯು ಜೆರೂಸಲೇಮಿನಲ್ಲಿದೆ ಎಂಬ ಹಳೆಯ ಪರಂಪರೆಯೂ ಇದೆ. ಧರ್ಮಸಭೆಯೇ ವಿವೇಕದಿಂದ ತಡೆದು ನುಡಿದಿರುವಾಗ ಅರ್ಧ ದಿನದ ಮಾರ್ಗದರ್ಶಿ ಅವಸರಿಸಿ ನಿರ್ಣಯ ಕೊಡುವುದು ಉಚಿತವಲ್ಲ. ಭಕ್ತರು ಮೊಣಕಾಲೂರಿ ನಿಂತ ಸ್ಥಳದಲ್ಲಿ ಅಪಹಾಸ್ಯವೂ ಸಲ್ಲದು. ‘ಇಲ್ಲಿ ಇಂಥವರು ಹೀಗೆ ನಂಬುತ್ತಾರೆ, ಆ ನಂಬಿಕೆಯ ಚರಿತ್ರೆ ಇದು’ ಎಂದರೆ ಸತ್ಯಕ್ಕೂ ಊನವಿಲ್ಲ, ಶ್ರದ್ಧೆಗೂ ನೋವಿಲ್ಲ.

ಈ ಮೂರನ್ನೂ ಬಿಟ್ಟು ನಾಲ್ಕನೆಯದೊಂದುಂಟು. ಅದು ಪ್ರಮಾಣವಲ್ಲ, ರಂಜನೆ. ಅಮೃತಶಿಲೆಯ ಬೀದಿಯ ಒಂದು ಕಲ್ಲಿನ ಮೇಲೆ ಪಾದದ ಗುರುತು, ಸ್ತ್ರೀಮುಖ ಮೊದಲಾದ ಗೀರುಚಿತ್ರಗಳಿವೆ. ಇದು ಗಣಿಕಾಗೃಹಕ್ಕೆ ದಾರಿ ತೋರಿಸುವ ಜಗತ್ತಿನ ಮೊದಲ ಜಾಹೀರಾತು ಎಂದು ಹೇಳಿ ಜನರನ್ನು ನಗಿಸುವುದು ವಾಡಿಕೆಯಾಗಿದೆ. ಹಾಗೆಂದು ನಿರ್ಣಯಿಸುವ ಬರಹವು ಆ ಕಲ್ಲಿನ ಮೇಲಿಲ್ಲ. ಗ್ರಂಥಗಳಲ್ಲಿ ಪ್ರಕ್ಷಿಪ್ತ ಪದ್ಯಗಳು ಸೇರಿಕೊಳ್ಳುವುದೂ ಹೀಗೆಯೇ. ಪ್ರಕ್ಷೇಪದ ದೋಷವು ಅದೊಂದರಲ್ಲಿಯೇ ನಿಲ್ಲದು. ಊರಿಗೆ ಮರಳಿದ ಪ್ರವಾಸಿಗೆ ಅದು ಕಟ್ಟುಕಥೆಯೆಂದು ತಿಳಿದ ದಿನ, ಅದೇ ಬಾಯಿಂದ ಕೇಳಿದ ಸೆಲ್ಸಸ್ಸನ ಶಾಸನವೂ, ವುಡ್ಡನ ಶೋಧವೂ ಅವನಿಗೆ ಸಂದೇಹಾಸ್ಪದವಾಗುತ್ತವೆ. ಒಂದು ಸುಳ್ಳು ಹತ್ತು ಸತ್ಯಗಳ ಗೌರವವನ್ನು ಕಳೆಯುತ್ತದೆ.

ಪುಣ್ಯಸ್ಥಳದ ಬಳಿ ವ್ಯಾಪಾರ ನಡೆಯುವುದು ಹೊಸದಲ್ಲ. ದೇಮೇತ್ರಿಯನ ಕಾಲದಿಂದಲೂ ಅದು ಇದ್ದದ್ದೇ. ಸುಮಾರು 614ರಲ್ಲಿ ಬೆಂಕಿಯಿಂದ ನಾಶವಾದ ಅಂಗಡಿಸಾಲೊಂದನ್ನು ಉತ್ಖನನಕಾರರು ಈಚೆಗೆ ಹೊರತೆಗೆದರು. ಕ್ರೈಸ್ತ ಯಾತ್ರಿಕರು ಸ್ಮರಣಿಕೆಯಾಗಿ ಒಯ್ಯುತ್ತಿದ್ದ ಚಿಕ್ಕ ಕುಡಿಕೆಗಳು ಅಲ್ಲಿ ಸುಮಾರು 600ರಷ್ಟು ದೊರೆತ ಸಂಗತಿಯನ್ನು 2022ರಲ್ಲಿ ಪ್ರಕಟಿಸಿದರು. ಆದರೆ ಆ ಯಾತ್ರಿಕರ ಪರಂಪರೆಯಲ್ಲಿಯೇ ಅನುಕರಣೀಯವಾದ ಇನ್ನೊಂದು ಮಾದರಿಯೂ ಇದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಪೂರ್ವದೇಶಗಳ ಯಾತ್ರೆ ಮಾಡಿದ ಇಗೇರಿಯಾ ಎಂಬ ಮಹಿಳೆ, ಪ್ರತಿಯೊಂದು ಸ್ಥಳದಲ್ಲಿಯೂ ಅದಕ್ಕೆ ಸಂಬಂಧಿಸಿದ ಬೈಬಲ್ಲಿನ ಭಾಗವನ್ನು ಅಲ್ಲಿಯೇ ಓದಿಸಿ ಕೇಳುತ್ತಿದ್ದುದಾಗಿ ಬರೆದಿದ್ದಾಳೆ. ಯೋಹಾನನ ಸಮಾಧಿಯ ದರ್ಶನಕ್ಕೆ ಎಫೆಸಸ್ಸಿಗೂ ಹೋಗುವ ಸಂಕಲ್ಪ ಆಕೆಗಿತ್ತು. ಸ್ಥಳವನ್ನು ನೋಡುತ್ತಲೇ ಮೂಲಗ್ರಂಥವನ್ನು ಕೇಳುವ ಈ ಕ್ರಮದಲ್ಲಿ ಮಾರ್ಗದರ್ಶಿಯೂ ತಪ್ಪಿ ನುಡಿಯಲಾರ, ಕೇಳುವವನೂ ಮೋಸಹೋಗಲಾರ.

ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರೆಲ್ಲರೂ ಒಂದು ದಿನದ ಮಟ್ಟಿಗೆ ಮಾರ್ಗದರ್ಶಿಗಳೇ. ಹಂಪೆಯ ‘ಕಮಲಮಹಲ್’, ‘ರಾಣಿಯ ಸ್ನಾನಗೃಹ’ ಎಂಬ ಹೆಸರುಗಳು ಆಯಾ ಕಟ್ಟಡಗಳಿಗೆ ಅನಂತರದ ಜನರು ಇಟ್ಟವು ಎಂಬುದನ್ನು ತಿಳಿಸದೆ ತೋರಿಸಿದರೆ ಮಕ್ಕಳು ಹೆಸರನ್ನೇ ಚರಿತ್ರೆಯೆಂದು ಬಗೆಯುತ್ತಾರೆ. ಆದಕಾರಣ ಕಲ್ಲಿನ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಇದನ್ನು ಕಣ್ಣಿನಿಂದ ಕಂಡೆವೋ, ಗುರುತಿನಿಂದ ಊಹಿಸಿದೆವೋ, ಹೇಳಿದ್ದನ್ನು ಕೇಳಿದೆವೋ? ಈ ಮೂರನ್ನು ಕೇಳಲು ಕಲಿತ ಬಾಲಕನಿಗೆ ಎಫೆಸಸ್ ಆದರೇನು, ನಮ್ಮೂರ ಹೊರವಲಯದ ವೀರಗಲ್ಲಾದರೇನು, ಎಲ್ಲವೂ ತೆರೆದ ಗ್ರಂಥಗಳೇ. ಕಲ್ಲು ತಾನಾಗಿ ಮಾತನಾಡದು. ಅದರ ಪರವಾಗಿ ಮಾತನಾಡುವವರು, ಅದು ಹೇಳದಿದ್ದುದನ್ನು ಅದರ ಬಾಯಲ್ಲಿಡದಿದ್ದರೆ ಅಷ್ಟೇ ಸಾಕು.