ಥೈರಾಯ್ಡ್ ಮಾತ್ರೆ ಮೂಳೆ ಸವೆಸುತ್ತದೆಯೇ?

‘ಥೈರಾಯ್ಡ್ ಮಾತ್ರೆ ತಿನ್ನುತ್ತಾ ಹೋದರೆ ಮೂಳೆ ಟೊಳ್ಳಾಗುತ್ತದೆ’ ಎಂಬ ಮಾತು ಮೈಸೂರಿನಲ್ಲಿ ಕೇಳಿದರೂ ಒಂದೇ, ವಡೋದರದ ಮಂಜಲ್‌ಪುರದಲ್ಲಿ ಕೇಳಿದರೂ ಒಂದೇ. ಈ ಭಯಕ್ಕೆ ಮಾತ್ರೆ ಬಿಟ್ಟವರಿಗೆ ಆಗುವ ಹಾನಿಯೇ ಹೆಚ್ಚು. ಮೂಳೆಗೆ ಕೆಡುಕು ಮಾಡುವುದು ಹಾರ್ಮೋನಿನ ಅತಿಯೇ ಹೊರತು ಹಾರ್ಮೋನಲ್ಲ.

ಬೆಳೆದವರ ಮೂಳೆಯೂ ಸದಾ ಹೊಸದಾಗುತ್ತಿರುತ್ತದೆ. ಆಸ್ಟಿಯೋಕ್ಲಾಸ್ಟ್ ಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ಪುಟ್ಟ ಗುಳಿ ತೋಡುತ್ತವೆ. ಆಸ್ಟಿಯೋಬ್ಲಾಸ್ಟ್‌ಗಳು ಅದನ್ನು ತುಂಬುತ್ತವೆ. ಇಂಥ ಒಂದು ಸುತ್ತಿಗೆ ಸುಮಾರು 200 ದಿನ ಬೇಕು. ಥೈರಾಯ್ಡ್ ಹಾರ್ಮೋನು ಅತಿಯಾದಾಗ ಸುತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತುಂಬುವ ಕೆಲಸಕ್ಕೆ ಸಮಯ ಸಾಲದೆ, ಪ್ರತಿ ಸುತ್ತಿನಲ್ಲೂ ಖನಿಜಭರಿತ ಮೂಳೆಯ ಸುಮಾರು ಶೇ. 10 ಭಾಗ ನಷ್ಟವಾಗುತ್ತದೆ. ಅತಿಥೈರಾಯ್ಡಿನಿಂದ ತೀರಿಕೊಂಡ ಯುವತಿಯೊಬ್ಬಳ ಮೂಳೆಗಳು ಹುಳು ತಿಂದಂತಿದ್ದವೆಂದು ಜರ್ಮನ್ ರೋಗಶಾಸ್ತ್ರಜ್ಞ ಫಾನ್ ರೆಕ್ಲಿಂಗ್‌ಹೌಸೆನ್ 1891ರಲ್ಲೇ ಬರೆದಿದ್ದರು.

ಹಾಗಾದರೆ ಹಾರ್ಮೋನು ಕಡಿಮೆಯಿದ್ದರೆ ಮೂಳೆ ಗಟ್ಟಿಯೇ? ಅದೂ ಇಲ್ಲ. ಆಗ ಸುತ್ತು 700 ದಿನಗಳವರೆಗೂ ಎಳೆಯುತ್ತದೆ; ಹಳೆಯ ಮೂಳೆ ಬದಲಾಗದೆ ಉಳಿಯುತ್ತದೆ. ಸಾಂದ್ರತೆಯ ಪರೀಕ್ಷೆಯಲ್ಲಿ ಕೊರತೆ ಕಾಣದಿದ್ದರೂ ಮೂಳೆಯ ಗುಣಮಟ್ಟ ಸರಿಯಿದೆ ಎನ್ನುವಂತಿಲ್ಲ. ಮಕ್ಕಳಲ್ಲಂತೂ ಪರಿಣಾಮ ಕಣ್ಣಿಗೇ ಬೀಳುತ್ತದೆ: ಹುಟ್ಟಿನಿಂದಲೇ ತೀವ್ರ ಕೊರತೆಯಿರುವ ಶಿಶುವಿನ ಮೊಣಕಾಲಿನ ಎಕ್ಸ್‌ರೇಯಲ್ಲಿ, ಆ ಹೊತ್ತಿಗೆ ಕಾಣಬೇಕಾದ ಮೂಳೆಯ ಚುಕ್ಕೆಗಳೇ ಇಲ್ಲದಿರಬಹುದು. ಚಿಕಿತ್ಸೆ ಸಿಗದಿದ್ದರೆ ಎತ್ತರವೂ ಕುಂಠಿತ, ಬುದ್ಧಿಯ ಬೆಳವಣಿಗೆಯೂ ಕುಂಠಿತ.

ಥೈರಾಯ್ಡ್ ಮಾತ್ರೆ, ಅಂದರೆ ಲೀವೋಥೈರಾಕ್ಸಿನ್, ದೇಹದಲ್ಲಿ ಇಲ್ಲದ್ದನ್ನು ತುಂಬಿಕೊಡುತ್ತದೆ, ಅಷ್ಟೇ. ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು; ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಇದು ತಗ್ಗುತ್ತದೆ) ಮಿತಿಯೊಳಗಿದ್ದರೆ ಮೂಳೆಗೆ ಅಪಾಯವಿಲ್ಲ. ಪ್ರಮಾಣ ಹೆಚ್ಚಾಗಿ ಟಿಎಸ್‌ಎಚ್ ಬಹುಕಾಲ ತೀರಾ ತಗ್ಗಿದ್ದರೆ, ಅದರಲ್ಲೂ ಮುಟ್ಟು ನಿಂತ ಮಹಿಳೆಯರಲ್ಲಿ, ಮೂಳೆ ಸವೆಯುತ್ತದೆ. ಥೈರಾಯ್ಡ್ ಕ್ಯಾನ್ಸರಾಗಿದ್ದ ಕೆಲವರಿಗೆ ವೈದ್ಯರು ಬೇಕೆಂದೇ ಟಿಎಸ್‌ಎಚ್ ತಗ್ಗಿಸಿಡುತ್ತಾರೆ. ಅಂಥವರು ತಾವಾಗಿ ಮಾತ್ರೆ ಕಡಿಮೆ ಮಾಡಬಾರದು.

ಮೂಳೆಗೆ ಒಳ್ಳೆಯದೆಂದು ಕ್ಯಾಲ್ಸಿಯಂ ಮಾತ್ರೆಯನ್ನು ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗುವುದು ಇನ್ನೊಂದು ತಪ್ಪು. ಕ್ಯಾಲ್ಸಿಯಂ ಆಗಲಿ ಕಬ್ಬಿಣಾಂಶದ ಮಾತ್ರೆಯಾಗಲಿ ಥೈರಾಕ್ಸಿನ್ ಕರುಳಿನಲ್ಲಿ ಹೀರಿಕೆಯಾಗದಂತೆ ತಡೆಯುತ್ತದೆ; ನಡುವೆ ನಾಲ್ಕು ಗಂಟೆಯಾದರೂ ಇರಲಿ.

ಅಯೋಡಿನ್ ಉಪ್ಪು ಹೆಚ್ಚು ತಿಂದರೆ ಥೈರಾಯ್ಡ್ ವಾಸಿಯಾಗುವುದೂ ಇಲ್ಲ. ಉಪ್ಪಿಗೆ ಬೆರೆಸುವ ಅಯೋಡಿನ್ ಕೊರತೆಯ ಗಳಗಂಡ ತಡೆಯಲು. ಅಡುಗೆಗೆ ಬೀಳುವಷ್ಟೇ ಸಾಕು. ಮಾತ್ರೆ ತಿನ್ನುವವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಪ್ಪದೆ ತಿನ್ನಲಿ, ವೈದ್ಯರು ಹೇಳಿದಾಗ ಟಿಎಸ್‌ಎಚ್ ಪರೀಕ್ಷೆ ಮಾಡಿಸಲಿ.