ಊರ್ಣನಾಭ ಶಬ್ದವೂ ಮಾಲ್ಲೋಸ್ ಎಂಬ ಜೇಡಜಾತಿಯೂ

ಅಮರಸಿಂಹನು ಜೇಡಕ್ಕೆ ಹೇಳಿರುವ ಪರ್ಯಾಯನಾಮಗಳಲ್ಲಿ ಊರ್ಣನಾಭವೆಂಬುದೂ ಒಂದು. ಊರ್ಣೆಯೆಂದರೆ ಉಣ್ಣೆ, ನಮ್ಮ ಉಣ್ಣೆ ಎಂಬ ಮಾತೂ ಅದರ ತದ್ಭವವೇ. ಉಣ್ಣೆಯು ಯಾವುದರ ನಾಭಿಯಲ್ಲಿರುವುದೋ ಅದು ಊರ್ಣನಾಭ. ಜೇಡದ ನೂಲು ರೇಷ್ಮೆಯಂತೆ ನುಣುಪಾಗಿ ಹೊಳೆಯುತ್ತಿರಲು, ಉಣ್ಣೆಯ ಪ್ರಸ್ತಾಪವು ಇಲ್ಲಿಗೇಕೆ ಬಂದಿತೆಂಬ ಶಂಕೆ ನನಗೆ ಬಹುಕಾಲದಿಂದ ಇದ್ದಿತು. ಮೆಕ್ಸಿಕೋ ದೇಶದಲ್ಲಿರುವ ಒಂದು ಅಲ್ಪಪ್ರಸಿದ್ಧವಾದ ಜೇಡಜಾತಿಯ ವಿವರಣೆಯನ್ನು ಓದಿದಾಗ ಅದಕ್ಕೆ ಸಮಾಧಾನವು ದೊರೆಯಿತು.

ಆ ಜಾತಿಯ ಹೆಸರು ಮಾಲ್ಲೋಸ್. 1902ರಲ್ಲಿ ಪಿಕರ್ಡ್-ಕೇಂಬ್ರಿಜ್ ಎಂಬ ಆಂಗ್ಲ ಪಾದ್ರಿಯು ಇಟ್ಟುದು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಉಣ್ಣೆಯ ಕುಚ್ಚೆಂದೇ ಅರ್ಥ. ಈ ಜೇಡಗಳು ಅಕ್ಕಿಯ ಕಾಳಿಗಿಂತ ದೊಡ್ಡವಲ್ಲ. ಚಕ್ರಾಕಾರದ ಬಲೆಯನ್ನು ಕಟ್ಟುವ ಸಾಮಾನ್ಯ ಜೇಡಗಳು ನೂಲಿಗೆ ಅಂಟಿನ ಹನಿಗಳನ್ನು ಲೇಪಿಸುವುವು. ಮಾಲ್ಲೋಸಿನ ನೂಲಿಗೆ ಅಂಟಿಲ್ಲ. ಅದರ ಉದರದ ಕೊನೆಯಲ್ಲಿ, ನೂಲು ಹೊರಡುವ ತೊಟ್ಟುಗಳ ಮುಂಭಾಗದಲ್ಲಿ, ಜರಡಿಯಂತೆ ರಂಧ್ರಮಯವಾದ ಒಂದು ಫಲಕವಿರುವುದು. ಅಲ್ಲಿಂದ ಹೊರಡುವ ಅತಿಸೂಕ್ಷ್ಮವಾದ ಎಳೆಗಳನ್ನು ನಾಲ್ಕನೆಯ ಜೊತೆ ಕಾಲುಗಳ ಮೇಲಿನ ರೋಮಪಂಕ್ತಿಯಿಂದ ಬಾಚಿ, ಹಿಂಜಿದ ಉಣ್ಣೆಯಂತೆ ಮಾಡಿ, ಬಲೆಯ ನೂಲಿನ ಮೇಲೆ ಹಾಸುವುದು. ಅದರಲ್ಲಿ ತೊಡಕಿದ ನೊಣದ ಕಾಲು ಬಿಡಿಸಿಕೊಳ್ಳಲಾರದು. ಅಂಟಿನ ಬಲೆಯು ಒಣಗಿ ಧೂಳು ಹಿಡಿದು ಬೇಗನೆ ಕೆಡುವುದು; ಈ ಒಣ ಉಣ್ಣೆಯು ಬಹುಕಾಲ ಉಳಿಯುವುದು.

ಈ ಜಾತಿಯಲ್ಲಿ ಗ್ರೆಗಾಲಿಸ್ ಎಂಬ ಪ್ರಭೇದವನ್ನು 1909ರಲ್ಲಿ ಸೀಮೋನ್ ಎಂಬ ಫ್ರೆಂಚ್ ವಿದ್ವಾಂಸನು ವರ್ಣಿಸಿದನು. ಇವು ಸಾವಿರಗಟ್ಟಲೆಯಾಗಿ ಒಂದೇ ಬಲೆಯಲ್ಲಿ ಬಾಳುವುವು; ಒಂದನ್ನೊಂದು ಕೊಲ್ಲದೆ, ಸಿಕ್ಕಿದ ನೊಣವನ್ನು ಕೂಡಿ ತಿನ್ನುವುವು. ಮೆಕ್ಸಿಕೋವಿನ ಹಳ್ಳಿಗರು ಈ ಬಲೆಯಿರುವ ಕೊಂಬೆಯನ್ನು ಮಳೆಗಾಲದಲ್ಲಿ ಮನೆಯೊಳಗೆ ತೂಗುಹಾಕಿ ನೊಣಗಳ ಕಾಟವನ್ನು ನೀಗಿಕೊಳ್ಳುತ್ತಿದ್ದರು.

ಇನ್ನು ನಾಭಿಯ ವಿಚಾರ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಶಾಂಕರಭಾಷ್ಯದಲ್ಲಿ ಪೂರ್ವಪಕ್ಷಿಯು, ಕ್ಷುದ್ರಜಂತುಗಳನ್ನು ತಿನ್ನುವುದರಿಂದ ಜೇಡದ ಲಾಲೆಯೇ ಗಟ್ಟಿಯಾಗಿ ತಂತುವಾಗುವುದೆಂದು ಹೇಳುವನು. ಅದು ಪೂರ್ವಪಕ್ಷವೆಂಬುದನ್ನು ಮರೆತು, ನೂಲು ಬಾಯಿಂದ ಬರುವುದೆಂದೇ ನಾವು ಅನೇಕರು ಪಾಠ ಹೇಳುತ್ತ ಬಂದಿದ್ದೇವೆ. ನೂಲಿನ ದ್ರವ್ಯಕ್ಕೆ ಆಹಾರವೇ ಮೂಲವೆಂಬುದು ಸರಿ, ಲಾಲೆಯೆಂಬುದು ಪ್ರತ್ಯಕ್ಷವಿರುದ್ಧ. ಅದು ಹೊರಡುವುದು ಉದರದಿಂದಾದುದರಿಂದ ನಾಭಿಶಬ್ದವೇ ವಸ್ತುಸ್ಥಿತಿಗೆ ಸಮೀಪವಾಗಿದೆ. ಋಷಿಗಳ ಬಳಿ ಸೂಕ್ಷ್ಮದರ್ಶಕವಿದ್ದಿತೆಂದು ಸಾಧಿಸುವ ಚಾಪಲ್ಯವು ನನಗಿಲ್ಲ. ಮಾಲ್ಲೋಸನ್ನಂತೂ ಅವರು ಕಂಡವರಲ್ಲ. ಆದರೆ ಉಣ್ಣೆನೂಲಿನ ಜೇಡಗಳು ಭರತಖಂಡದಲ್ಲಿಯೂ ಇರುವುವು. ಬೇಲಿಯ ಮುಳ್ಳುಗಿಡಗಳ ಮೇಲೆ ಗುಂಪಾಗಿ ಬಲೆ ಕಟ್ಟುವ ಸ್ಟೆಗೋಡಿಫಸ್ ಎಂಬುದು, ಬೇರೆ ವಂಶದ್ದಾದರೂ, ಇದೇ ರೀತಿಯಾಗಿ ಬಾಚಿದ ನೂಲಿನಿಂದಲೇ ಬೇಟೆಯನ್ನು ಹಿಡಿಯುವುದು.