ಎರಡು ಭಾಷೆಗಳ ನಡುವಣ ಮಗು

ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗುವೊಂದು ಶಾಲೆಗೆ ಕಾಲಿಟ್ಟೊಡನೆ ಮೂಕವಾಗುವುದುಂಟು. ಅದನ್ನು ಕಂಡು ‘ಈ ಮಗುವಿಗೆ ಬುದ್ಧಿ ಸಾಲದು’ ಎಂದು ತೀರ್ಮಾನಿಸುವುದು ಸುಲಭ. ಆ ತೀರ್ಮಾನ ಎಷ್ಟರಮಟ್ಟಿಗೆ ಸರಿ? ಅಮೆರಿಕ ಸಂಯುಕ್ತ ಸಂಸ್ಥಾನದ ಹಿಸ್ಪಾನಿಕ್ ಮಕ್ಕಳ ಉದಾಹರಣೆಯಿಂದ ಇದನ್ನು ಪರಿಶೀಲಿಸೋಣ.

ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ ಮುಂತಾದ ಸ್ಪ್ಯಾನಿಷ್ ನುಡಿಯ ನಾಡುಗಳ ಮೂಲದವರನ್ನು ಅಲ್ಲಿ ಹಿಸ್ಪಾನಿಕರೆಂದು ಕರೆಯುತ್ತಾರೆ. ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಇಂದು ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಇವರೇ. ಇವರಲ್ಲಿ ಅನೇಕರು ಇಂಗ್ಲಿಷನ್ನು ಚೆನ್ನಾಗಿ ಬಲ್ಲರು. ಆದರೆ ಸ್ಪ್ಯಾನಿಷನ್ನು ಮಾತ್ರ ಕೇಳಿ ಬೆಳೆದ ಮಗುವಿನ ಮೇಲೆ ಒಂದನೆಯ ತರಗತಿಯಲ್ಲಿ ಎರಡು ಹೊರೆ ಬೀಳುತ್ತದೆ: ಓದುವುದನ್ನೂ ಕಲಿಯಬೇಕು, ಓದುವ ಭಾಷೆಯನ್ನೂ ಕಲಿಯಬೇಕು.

ಸ್ಪ್ಯಾನಿಷನ್ನು ಬಹುಮಟ್ಟಿಗೆ ಬರೆದಂತೆಯೇ ಓದಬಹುದು. ಅದರಲ್ಲಿರುವ ಸ್ವರಧ್ವನಿಗಳು ಐದೇ. ಇಂಗ್ಲಿಷ್ ಹಾಗಲ್ಲ. ‘ಪುಟ್’, ‘ಬಟ್’ ಎಂಬ ಪದಗಳ ನಡುವಣ ಅಕ್ಷರ ಒಂದೇ, ಉಚ್ಚಾರ ಬೇರೆ. ಕನ್ನಡದಲ್ಲಿ ಅಕ್ಷರ ಕಲಿತ ನಮಗೂ ಈ ತೊಡಕು ಹೊಸದಲ್ಲ. ಮತ್ತೊಂದು ಸಂಗತಿ: ಸ್ಪ್ಯಾನಿಷ್ ಪದಗಳ ಆದಿಯಲ್ಲಿ ಸಕಾರವೂ ಮತ್ತೊಂದು ವ್ಯಂಜನವೂ ಕೂಡಿ ಬರುವುದಿಲ್ಲ. ಆದುದರಿಂದ ಆ ಮಗು ‘ಸ್ಕೂಲ್’ ಎಂಬುದನ್ನು ‘ಎಸ್ಕೂಲ್’ ಎನ್ನುತ್ತದೆ. ನಮ್ಮ ಹಳ್ಳಿಗಳ ‘ಇಸ್ಕೂಲು’ ಇದರ ಒಡಹುಟ್ಟಿದಂತಿದೆಯಲ್ಲವೆ? ಇದು ಬುದ್ಧಿಯ ದೋಷವಲ್ಲ, ನಾಲಗೆಯ ಅಭ್ಯಾಸ.

ಇನ್ನೊಂದು ತೊಡಕು ಮೇಲುನೋಟಕ್ಕೆ ಕಾಣದು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಅವರು ಆಡುಮಾತಿಗೂ ಪಾಠದ ಭಾಷೆಗೂ ಇರುವ ಅಂತರವನ್ನು 1979ರಲ್ಲಿ ವಿವರಿಸಿದರು. ಆಟದ ಬಯಲಿನ ಇಂಗ್ಲಿಷ್ ಸುಮಾರು ಎರಡು ವರ್ಷಗಳಲ್ಲಿ ಕೈವಶವಾಗುತ್ತದೆ. ಪುಸ್ತಕದ ಇಂಗ್ಲಿಷಿನಲ್ಲಿ ಸಹಪಾಠಿಗಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಹಿಡಿಯುವುದುಂಟು. ಮಾತು ಸರಾಗವಾದುದನ್ನು ಕಂಡು ಹಿರಿಯರು ನೆರವನ್ನು ನಿಲ್ಲಿಸಿದರೆ ಮಗು ಅಲ್ಲಿಯೇ ಹಿಂದೆ ಬೀಳುತ್ತದೆ.

ಇಂಥ ಕಡೆ ಸ್ವಯಂಸೇವಕರ ನೆರವಿಗೆ ಬೆಲೆಯುಂಟು. ತುಂಬಿದ ತರಗತಿಯಲ್ಲಿ ಉಪಾಧ್ಯಾಯರು ಪ್ರತಿಯೊಂದು ಮಗುವಿನ ಓದನ್ನೂ ದಿನವೂ ಕೇಳಲಾರರು. ಪಕ್ಕದಲ್ಲಿ ಕುಳಿತ ಸ್ವಯಂಸೇವಕನಾದರೋ ಮಗು ಎಡವಿದ ಕ್ಷಣದಲ್ಲಿಯೇ ತಿದ್ದಬಲ್ಲನು. ನಗುವ ಸಹಪಾಠಿಗಳಿಲ್ಲದೆಡೆಯಲ್ಲಿ ಮಗುವೂ ತಪ್ಪಲು ಅಂಜುವುದಿಲ್ಲ. ‘ಪ್ಲಾಂಟ್’ ಎಂಬ ಪದ ಬಂದಾಗ, ಮನೆಯ ಮಾತಿನ ‘ಪ್ಲಾಂಟಾ’ ಇದೇ ಎಂದು ತೋರಿಸಿದರೆ ಹೊಸ ಪದ ಹಳೆಯ ನಂಟನಾಗುತ್ತದೆ. ಮನೆಮಾತು ಅಡ್ಡಗೋಡೆಯಲ್ಲ, ಸೇತುವೆ.

ಟೆಕ್ಸಾಸಿನ ಅನೇಕ ಶಾಲೆಗಳಲ್ಲಿ ಸ್ಪ್ಯಾನಿಷ್ ನುಡಿದ ಮಕ್ಕಳನ್ನು ದಂಡಿಸುತ್ತಿದ್ದ ಕಾಲವೂ ಇತ್ತು. ಇಂಗ್ಲಿಷ್ ಬಾರದ ಮಕ್ಕಳು ಒಂದನೆಯ ತರಗತಿಯಲ್ಲಿಯೇ ಮತ್ತೆ ಮತ್ತೆ ಉಳಿಯುತ್ತಿದ್ದರು. 1957ರಲ್ಲಿ ಫೆಲಿಕ್ಸ್ ತಿಹೆರಿನಾ ಎಂಬ ಹೋಟೆಲು ಉದ್ಯಮಿ, ಶಾಲೆ ಸೇರುವ ಮುನ್ನವೇ ಇಂಥ ಮಕ್ಕಳಿಗೆ 400 ಇಂಗ್ಲಿಷ್ ಪದಗಳನ್ನು ಕಲಿಸುವ ಯೋಜನೆ ಹೂಡಿದರು. ಗನಾಡೊ ಎಂಬ ಊರಿನಲ್ಲಿ ಅದರ ಮೊದಲ ತರಗತಿಯನ್ನು ನಡೆಸಿದವಳು ಇಸಾಬೆಲ್ ವೆರ್ವೆರ್. ಆಗ ಅವಳಿಗೆ 17 ವರ್ಷ. ಎರಡೇ ವರ್ಷಗಳಲ್ಲಿ, 1959ರಲ್ಲಿ, ಆ ರಾಜ್ಯವು ಇಂಥ ಪೂರ್ವಶಿಕ್ಷಣಕ್ಕೆ ಶಾಸನವನ್ನೇ ಮಾಡಿತು.

ಆದರೆ ಒಳ್ಳೆಯ ಮನಸ್ಸೊಂದೇ ಸಾಲದು. 96 ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ನಡೆಸಿದ ಪರಿಶೀಲನೆಯಲ್ಲಿ ಬಿಡಿಪಾಠದಿಂದ ಕಲಿಕೆ ಗಣನೀಯವಾಗಿ ಹೆಚ್ಚುವುದು ಕಂಡುಬಂದಿತು. ಆದರೆ ಉಪಾಧ್ಯಾಯರು ಕಲಿಸಿದಾಗಿನ ಫಲ ಸ್ವಯಂಸೇವಕರು ಕಲಿಸಿದಾಗಿನದಕ್ಕಿಂತ ಮಿಗಿಲಾಗಿತ್ತು. ಆದ್ದರಿಂದ ಸ್ವಯಂಸೇವಕನಿಗೂ ತರಬೇತಿ ಬೇಕು, ಉಪಾಧ್ಯಾಯರ ಮಾರ್ಗದರ್ಶನ ಬೇಕು. ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಹಿರಿಯ ಸ್ನೇಹಿತರು ಮಕ್ಕಳಿಗೆ ಜೊತೆಯಾಗುವ ಯೋಜನೆಗಳನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದಂತೆ, ವರ್ಷವಿಡೀ ನಡೆದ ಸ್ನೇಹದಿಂದ ಮಕ್ಕಳಿಗೆ ಹೆಚ್ಚಿನ ಪ್ರಯೋಜನವಾಯಿತು. ಮೂರು ತಿಂಗಳೊಳಗೆ ಮುರಿದುಬಿದ್ದ ಸ್ನೇಹದಿಂದಲಾದರೋ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತಲೂ ಕುಗ್ಗಿತು. ಕೈಬಿಟ್ಟು ಹೋದವರನ್ನು ಕಂಡು ಮಗು ತನ್ನಲ್ಲಿಯೇ ಕುಂದಿರಬೇಕೆಂದು ಎಣಿಸಿದರೆ ಆಶ್ಚರ್ಯವೇನು?

ನಮ್ಮ ತರುಣ ವಾಚಕರಲ್ಲಿ ಕೆಲವರಾದರೂ ಮುಂದೊಂದು ದಿನ ಮಗುವೊಂದಕ್ಕೆ ಓದು ಕಲಿಸಲು ಕುಳಿತಾರು. ಆಗ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ. ಕಲಿಸುವ ಕ್ರಮವನ್ನು ಮೊದಲು ತಿಳಿದವರಿಂದ ಅರಿಯಬೇಕು. ಮಗುವಿನ ಮನೆಮಾತನ್ನು ಗೌರವಿಸಬೇಕು. ಬರುತ್ತೇನೆಂದ ದಿನ ತಪ್ಪದೆ ಬರಬೇಕು.